ಮಿಕ್ಸಿಂಗ್‌ಗೆ ಹೆಡ್‌ಫೋನ್ ಆರಿಸುವುದು ಹೇಗೆ?

ಮನೆಯಲ್ಲೇ ಭಾವಗೀತೆ, ಯಕ್ಷಗಾನದ ಪದ್ಯಗಳನ್ನು ಧ್ವನಿಮುದ್ರಿಸಿ ಮಿಕ್ಸಿಂಗ್ (ದನಿ, ವಾದ್ಯಗಳನ್ನು ಹದವಾಗಿ ಬೆರೆಸುವ ಕೆಲಸ) ಮಾಡುವ ಶಿವಮೊಗ್ಗ ಸೀಮೆಯ ಹುಡುಗರು ಹೆಡ್‌ಫೋನ್ ಕೊಳ್ಳುವಾಗ ಎಡವುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಅಂಗಡಿಯಲ್ಲಿ ಇಂಪಾಗಿ ಕೇಳಿಸಿದ್ದನ್ನೇ ತರುತ್ತಾರೆ. ಅದು ಬಾಸ್ ಅನ್ನು (ತಗ್ಗು ಸ್ವರಗಳನ್ನು) ಉಬ್ಬಿಸಿ ಕೇಳಿಸುವುದರಿಂದ ಇವರು ಮಿಕ್ಸಿಂಗ್‌ನಲ್ಲಿ ಬಾಸ್ ತಗ್ಗಿಸುತ್ತಾರೆ, ಕಡೆಗೆ ಹಾಡು ಕಾರಿನ ಸ್ಪೀಕರಿನಲ್ಲಿ ಸೊರಗಿ ಕೇಳಿಸುತ್ತದೆ.

ಮೊದಲಿಗೆ, ವೈರ್ ಇರುವುದನ್ನೇ ನೋಡಿ. ಬ್ಲೂಟೂತ್‌ನಲ್ಲಿ ಶಬ್ದ ತಡವಾಗಿ ಬರುತ್ತದೆ. ಡಬ್ಬಿಯ ಮೇಲೆ ‘ಎಕ್ಸ್‌ಟ್ರಾ ಬಾಸ್’ ಎಂದು ಬರೆದಿದ್ದರೆ ಅಲ್ಲೇ ಬಿಟ್ಟುಬಿಡಿ.

ಎರಡನೆಯದು, ಕಿವಿಬಟ್ಟಲಿನ ಹಿಂಬದಿ ತೆರೆದಿರುವ ಓಪನ್ ಬ್ಯಾಕ್ ಬೇಕೋ ಮುಚ್ಚಿರುವ ಕ್ಲೋಸ್ಡ್ ಬ್ಯಾಕ್ ಬೇಕೋ ಎಂಬ ತೀರ್ಮಾನ. ಸೆನ್‌ಹೈಸರ್ ಎಚ್‌ಡಿ 600ರಂತಹ ಓಪನ್ ಬ್ಯಾಕ್ ಮಾದರಿಗಳಲ್ಲಿ ಧ್ವನಿ ಸಹಜವಾಗಿ ಕೇಳಿಸುತ್ತದೆಂಬುದು ನಿಜವಾದರೂ, ಜೂನ್ ಹಿಡಿದರೆ ತಿಂಗಳುಗಟ್ಟಲೆ ಹೆಂಚು, ತಗಡಿನ ಮೇಲೆ ಮಳೆ ಹೊಯ್ಯುವ ನಮ್ಮ ಮನೆಗಳಲ್ಲಿ ಆ ಸದ್ದೆಲ್ಲ ಒಳನುಗ್ಗಿ ಹಾಡಿನ ಸೂಕ್ಷ್ಮಗಳನ್ನು ನುಂಗುತ್ತದೆ. ಒಂದನ್ನೇ ಕೊಳ್ಳುವವರಿಗೆ ಕ್ಲೋಸ್ಡ್ ಬ್ಯಾಕ್ ಸರಿ. 1991ರಲ್ಲಿ ಬಂದು ಇಂದಿಗೂ ಸ್ಟುಡಿಯೊಗಳಲ್ಲಿರುವ ಸೋನಿ ಎಂಡಿಆರ್-7506 ನನ್ನ ಮೊದಲ ಆಯ್ಕೆ. ಓಮ್ ಎಂಬುದು ಹೆಡ್‌ಫೋನಿನ ವಿದ್ಯುತ್ ತಡೆಯ ಅಳತೆ; ಅದು ಹೆಚ್ಚಿದ್ದರೆ ಸಾಮಾನ್ಯವಾಗಿ ಹೆಚ್ಚು ಬಲದ ಸಿಗ್ನಲ್ ಬೇಕು. ಇದು 63 ಓಮ್‌ನದಾದ್ದರಿಂದ ಲ್ಯಾಪ್‌ಟಾಪಿಗೆ ನೇರವಾಗಿ ಜೋಡಿಸಬಹುದು. ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ ಕೊಳ್ಳುವವರು 32, 80, 250 ಓಮ್‌ಗಳ ಪೈಕಿ 250ರದನ್ನು ಒಳ್ಳೆಯ ಆಡಿಯೊ ಇಂಟರ್‌ಫೇಸ್ (ಮೈಕ್, ಹೆಡ್‌ಫೋನ್‌ಗಳನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಇದ್ದರೆ ಮಾತ್ರ ಆರಿಸಬೇಕು.

ಬಹುಮಂದಿ ಕೆಡಿಸುವುದು ಮೂರನೆಯ ಹಂತವಾದ ಹೋಲಿಕೆಯನ್ನು. ಎರಡು ಹೆಡ್‌ಫೋನ್‌ಗಳಲ್ಲಿ ಒಂದು ತುಸು ಜೋರಾಗಿದ್ದರೂ ಅದೇ ಚೆನ್ನಾಗಿದೆಯೆಂದು ಕಿವಿ ನಂಬಿಬಿಡುತ್ತದೆ. ವಾಲ್ಯೂಮ್ ಒಂದೇ ಕಡೆ ಇಟ್ಟರೂ ಎರಡರ ಜೋರು ಒಂದೇ ಇರುವುದಿಲ್ಲ. ಆದ್ದರಿಂದ ಬರಿಯ ಗಾಯನವಿರುವ ಸಾಲೊಂದನ್ನು ಹಾಕಿ, ಬದಲಿಸಿ ಬದಲಿಸಿ ಕೇಳುತ್ತ ದನಿಯ ಮಟ್ಟವನ್ನು ಸಮಮಾಡಿ, ಒಂದೊಂದಕ್ಕೂ ವಾಲ್ಯೂಮ್ ಎಲ್ಲಿ ನಿಂತಿತೆಂದು ಬರೆದುಕೊಳ್ಳಿ. ಆಮೇಲೆ ನಿಮಗೆ ಬಾಯಿಪಾಠವಾಗಿರುವ ಧ್ವನಿಮುದ್ರಣಗಳನ್ನೇ ಕೇಳಿ. ಡೊಳ್ಳಿನ ಬಿರುಸಿನ ನಡೆಯಲ್ಲಿ ಪೆಟ್ಟುಗಳು ಬಿಡಿಬಿಡಿಯಾಗಿ ಕೇಳಬೇಕು. ಒಂದರ ಗುಂಯ್‌ಗುಡುವಿಕೆಯಲ್ಲಿ ಮುಂದಿನದು ಮುಳುಗಿದರೆ ಬಾಸ್ ಸಡಿಲವೆಂದೇ ಅರ್ಥ. ಚಂಡೆ ಏರುವಾಗ ಭಾಗವತರ ‘ಸ’, ‘ಶ’ಗಳು ಸೂಜಿಯಂತೆ ಚುಚ್ಚಿದರೆ ನೀವು ಆ ಮೊನಚನ್ನು ತಗ್ಗಿಸಿಬಿಡುತ್ತೀರಿ, ಆ ಹೆಡ್‌ಫೋನಿನಲ್ಲಿ ಮಿಕ್ಸ್ ಮಾಡಿದ ಚಂಡೆ ಹೊರಗೆ ಮಂಕಾಗುತ್ತದೆ. ಎರಡೂ ಕಿವಿಗೆ ಒಂದೇ ಶಬ್ದ ಕೊಡುವ ಮೋನೊ ಫೈಲೊಂದನ್ನು ಹಾಕಿದಾಗ ದನಿ ನಡುನೆತ್ತಿಯಲ್ಲಿ ನಿಲ್ಲದೆ ಒಂದು ಬದಿಗೆ ವಾಲಿದರೆ, ಎಡಬಲ ಅದಲುಬದಲು ಮಾಡಿ ಹಾಕಿಕೊಳ್ಳಿ. ವಾಲುವ ಬದಿಯೂ ಬದಲಾದರೆ ದೋಷ ನಿಮ್ಮ ಕಿವಿಯದಲ್ಲ; ಇನ್ನೊಂದು ಹೆಡ್‌ಫೋನಿನಲ್ಲಿ ಹಾಗಾಗದಿದ್ದರೆ ದೋಷ ಈ ಹೆಡ್‌ಫೋನಿನದು, ಅದು ಬೇಡ. ಕನ್ನಡಕದವರು ಕನ್ನಡಕ ಧರಿಸಿಯೇ ಕೇಳಬೇಕು, ಏಕೆಂದರೆ ಅದರ ಕಡ್ಡಿಯ ಸಂದಿನಿಂದ ಬಾಸ್ ಸೋರಿಹೋಗುತ್ತದೆ.

ಹೆಡ್‌ಫೋನಿನಲ್ಲಿ ಎಡದ ಶಬ್ದ ಬಲಗಿವಿಗೆ ತಲುಪದ ಕಾರಣ ಎಡ-ಬಲದ ಹಂಚಿಕೆ ಅತಿಯಾಗಿ ಕೇಳಿಸುತ್ತದೆ; ಅದನ್ನು ಸ್ಪೀಕರಿನಲ್ಲಿ ಕೇಳಿಯೇ ಅಂತಿಮಗೊಳಿಸಿ.

ಕೊನೆಯದಾಗಿ, ಇಯರ್‌ಪ್ಯಾಡ್ ಬಿಡಿಯಾಗಿ ಸಿಗುತ್ತದೆಯೇ ಎಂದು ವಿಚಾರಿಸಿ. 7506ರ ಪ್ಯಾಡ್‌ನ ರೆಕ್ಸಿನ್ ಬಳಸುತ್ತ ಸುಲಿಯುತ್ತದೆ. ಬಟ್ಟೆಯ ಪ್ಯಾಡ್‌ಗೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಕೆಲಸ ಮುಗಿದ ಮೇಲೆ ಬೆವರು ಒರೆಸಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ.