ಕೌದಿ ಕೊಡುವ ಮುಂಚೆ ನಾಲ್ಕು ಫೋಟೊ, ನಾಲ್ಕು ಸಾಲು

ನಾಲ್ಕು ತಿಂಗಳು ಕೂತು ಹೊಲಿದ ಕೌದಿಯನ್ನು ಹೋದ ವರ್ಷ ತಂಗಿಯ ಮಗಳ ಬಾಣಂತನಕ್ಕೆ ಕೊಟ್ಟೆ. ಹೊರಡುವ ಹಿಂದಿನ ರಾತ್ರಿ ಟ್ಯೂಬ್‌ಲೈಟಿನ ಕೆಳಗೆ, ಮಡಚಿಟ್ಟ ಹಾಗೇ ಒಂದು ಫೋಟೊ ತೆಗೆದಿದ್ದೆ. ಈಗ ನೋಡಿದರೆ ಅದರಲ್ಲಿ ಒಂದು ಹೊಲಿಗೆಯೂ ಕಾಣುವುದಿಲ್ಲ. ಒಳಗೆ ಯಾರ್ಯಾರ ಸೀರೆ ಹಾಕಿದ್ದೆ ಅಂತ ನನಗೇ ಪೂರ್ತಿ ನೆನಪಿಲ್ಲ. ಮಗು ಅದರ ಮೇಲೆ ಬೆಚ್ಚಗೆ ಮಲಗುತ್ತಿದೆ, ಆ ಸಂತೋಷ ಇದ್ದೇ ಇದೆ. ಆದರೆ ನನ್ನ ಹತ್ತಿರ ಅದರ ಗುರುತು ಉಳಿಯಲಿಲ್ಲ.

ಆಮೇಲೆ ದಾವಣಗೆರೆಯ ನಮ್ಮ ಮನೆಯಲ್ಲಿ ಒಂದು ರೂಢಿ ಮಾಡಿಕೊಂಡೆ. ಕೊನೆಯ ದಾರ ಕತ್ತರಿಸಿದ ಮಾರನೇ ಬೆಳಿಗ್ಗೆ ಫೋಟೊ, ಅವತ್ತೇ ಬರಹ. ಕಸೂತಿ, ಕ್ರೋಶಾ, ಮಣ್ಣಿನ ಗೊಂಬೆ, ನೀವು ಏನೇ ಮಾಡಿ, ಕ್ರಮ ಇದೇ. ಸಾಧಾರಣ ಫೋನ್ ಸಾಕು.

ಮೊದಲು ಬೆಳಕು

ನಮ್ಮೂರ ಮಾಳಿಗೆಯ ಹನ್ನೊಂದು ಗಂಟೆ ಬಿಸಿಲಿನಲ್ಲಿ ಹರಡಿದರೆ ಬಿಳಿ ತುಂಡುಗಳೆಲ್ಲ ಸುಣ್ಣ ಬಳಿದ ಹಾಗೆ ಬರುತ್ತವೆ. ಬೆಳಿಗ್ಗೆ ಎಂಟರೊಳಗೆ, ಪಡಸಾಲೆಯ ನೆರಳಿನಲ್ಲಿ ಅಥವಾ ದೊಡ್ಡ ಕಿಟಕಿಯ ಪಕ್ಕ ತೆಗೆಯಿರಿ. ಜುಲೈ, ಆಗಸ್ಟಿನ ಮೋಡದ ದಿನ ಸಿಕ್ಕರೆ ಇನ್ನೂ ಒಳ್ಳೇದು, ಬೆಳಕು ಎಲ್ಲ ಕಡೆ ಸಮನಾಗಿ ಬೀಳುತ್ತದೆ. ಮನೆಯ ದೀಪಗಳನ್ನು ಆರಿಸಿ. ಕಿಟಕಿಯ ಬೆಳಕಿಗೂ ದೀಪದ ಬೆಳಕಿಗೂ ಬಣ್ಣ ಬೇರೆ. ಎರಡೂ ಸೇರಿದರೆ ಒಂದು ಅಂಚು ನೀಲಿ, ಇನ್ನೊಂದು ಅಂಚು ಹಳದಿ ಕಾಣುತ್ತದೆ.

ಫ್ಲ್ಯಾಶ್ ಮಾತ್ರ ಬೇಡವೇ ಬೇಡ. ಯಾಕೆ ಅಂದರೆ, ಕೌದಿಯ ಜೀವ ಇರುವುದು ಹೊಲಿಗೆ ಸಾಲಿನಲ್ಲಿ. ಸೂಜಿ ಇಳಿದ ಕಡೆ ಬಟ್ಟೆ ಚೂರು ತಗ್ಗುತ್ತದೆ, ಎರಡು ಸಾಲಿನ ನಡುವೆ ಉಬ್ಬುತ್ತದೆ. ಬೆಳಕು ಪಕ್ಕದಿಂದ ಬಂದರೆ ಪ್ರತಿ ತಗ್ಗಿನಲ್ಲೂ ಎಳ್ಳಿನಷ್ಟು ನೆರಳು ಕೂರುತ್ತದೆ. ಆ ನೆರಳಿನಿಂದಲೇ ಕಣ್ಣಿಗೆ ಬಟ್ಟೆಯ ದಪ್ಪ ಗೊತ್ತಾಗುವುದು. ಎದುರಿನಿಂದ ಫ್ಲ್ಯಾಶ್ ಹೊಡೆದರೆ ಆ ನೆರಳು ಅಳಿಸಿಹೋಗಿ, ಕೈಹೊಲಿಗೆ ಅಚ್ಚು ಹಾಕಿದ ಬೆಡ್‌ಶೀಟಿನಂತೆ ಕಾಣುತ್ತದೆ. ಕಿಟಕಿಯ ಎದುರು ಬದಿ ಜಾಸ್ತಿ ಕತ್ತಲಾದರೆ, ಅಲ್ಲಿ ಯಾರಾದರೂ ಒಂದು ಬಿಳಿ ಪಂಚೆ ಹಿಡಿದು ನಿಲ್ಲಲಿ. ಬೆಳಕು ಅದಕ್ಕೆ ಬಡಿದು ವಾಪಸ್ ಬರುತ್ತದೆ.

ತೂಗುಹಾಕಿ, ಹಿಂದೆ ಸರಿಯಿರಿ

ಕೌದಿಯನ್ನು ಚೆನ್ನಾಗಿ ಕೊಡವಿ. ಫೋನಿನ ಲೆನ್ಸನ್ನು ಮೆತ್ತನೆ ಹತ್ತಿ ಬಟ್ಟೆಯಿಂದ ಒರೆಸಿ. ಅಡುಗೆಮನೆಯ ಎಣ್ಣೆ ಕೈ ತಾಗಿದ ಲೆನ್ಸಿನಿಂದ ಎಲ್ಲವೂ ಮಬ್ಬು. ನೆಲದ ಮೇಲೆ ಹರಡಿ ಕುರ್ಚಿ ಹತ್ತುವುದಕ್ಕಿಂತ ಗೋಡೆಗೆ ಹಗ್ಗ ಕಟ್ಟಿ ಕ್ಲಿಪ್ ಹಾಕಿ ತೂಗುಬಿಡುವುದು ಸುಲಭ. ಫೋನು ಕೌದಿಯ ನಟ್ಟನಡುವಿನ ಎತ್ತರದಲ್ಲಿರಲಿ, ಮೇಲಕ್ಕೋ ಕೆಳಕ್ಕೋ ಬಾಗಬಾರದು. ತೀರಾ ಹತ್ತಿರ ನಿಂತು ತೆಗೆದರೆ ನೇರ ಅಂಚುಗಳೂ ಸೊಟ್ಟಗೆ ಕಾಣುತ್ತವೆ. ನಾಲ್ಕು ಹೆಜ್ಜೆ ಹಿಂದೆ ಹೋಗಿ, ಫೋನಿನಲ್ಲಿ 2 ಪಟ್ಟು ಹತ್ತಿರ ತರುವ ಲೆನ್ಸ್ ಇದ್ದರೆ ಅದನ್ನು ಬಳಸಿ. ಪೋರ್ಟ್ರೇಟ್ ಮೋಡ್ ಬೇಡ, ಅದು ಅಂಚನ್ನು ಮಸುಕು ಮಾಡಿಬಿಡುತ್ತದೆ.

ಚಿತ್ರದುರ್ಗದ ಕೋಟೆಗೆ ಹೋಗಿ ಬಂಡೆ ಮೇಲೆ ಹರಡಿ ತೆಗೆಯಬೇಕು ಅಂತ ಆಸೆಯಾಗುತ್ತದೆ, ನನಗೂ ಆಗಿತ್ತು. ಆದರೆ ಆ ಬಂಡೆ, ಆ ಬುರುಜು ಎದುರಿಗಿದ್ದರೆ ಕಣ್ಣು ಅಲ್ಲಿಗೇ ಹೋಗುತ್ತದೆ. ನಿಮ್ಮ ಕೆಲಸ ಕಾಣಬೇಕಾದರೆ ಹಿಂದೆ ಬರೀ ಗೋಡೆ ಇರಲಿ.

ಬಣ್ಣದ ವಿಷಯದಲ್ಲಿ ಫೋನನ್ನು ಪೂರ್ತಿ ನಂಬಬೇಡಿ. ಚಳ್ಳಕೆರೆ ಕಡೆಯ ಕರಿ ಕಂಬಳಿಯನ್ನು ಫೋಟೊ ತೆಗೆದು ನೋಡಿ, ಬೂದಿ ಬಣ್ಣ ಬಂದಿರುತ್ತದೆ. ಕಪ್ಪು ತುಂಬಿದ್ದರೆ ಕ್ಯಾಮೆರಾ ಕತ್ತಲೆ ಅಂದುಕೊಂಡು ಬೆಳಕು ಏರಿಸುತ್ತದೆ. ಬಿಳಿ ತುಂಬಿದ್ದರೆ ಇಳಿಸುತ್ತದೆ. ಪರದೆ ಮೇಲೆ ಬೆರಳಿಟ್ಟರೆ ಪಕ್ಕದಲ್ಲಿ ಸೂರ್ಯನ ಗುರುತು ಬರುತ್ತದಲ್ವಾ? ಕಪ್ಪಿಗೆ ಅದನ್ನು ಕೆಳಗೆ ಎಳೆಯಿರಿ, ಬಿಳಿಗೆ ಮೇಲೆ. ಕೆಂಪು ಇನ್ನೂ ಕಷ್ಟ. ಕುಂಕುಮ ಬಣ್ಣದ ಸೀರೆ ಒಂದೇ ಮುದ್ದೆಯಾಗಿ ಕಂಡರೆ ಸ್ವಲ್ಪ ಕತ್ತಲೆ ಮಾಡಿ, ನೇಯ್ಗೆ ಮತ್ತೆ ಕಾಣುತ್ತದೆ. ಮೊಳಕಾಲ್ಮೂರು ರೇಷ್ಮೆಯ ಜರಿ ಅಂಚು ಹೊಳೆದು ಕಣ್ಣಿಗೆ ಚುಚ್ಚಿದರೆ ನೀವು ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿರಿ. ಕೊನೆಗೆ ಫೋನನ್ನು ಕೌದಿಯ ಪಕ್ಕದಲ್ಲೇ ಹಿಡಿದು ಬಣ್ಣ ಹೋಲಿಸಿ.

ನಾಲ್ಕು ಫೋಟೊ ಸಾಕು. ಪೂರ್ತಿ ಕೌದಿ ಒಂದು. ಹೊಲಿಗೆಯ ಪಕ್ಕ ಬೆರಳಿಟ್ಟು ಹತ್ತಿರದಿಂದ ಒಂದು. ಒಂದು ಮೂಲೆ. ಮತ್ತೆ ತಪ್ಪದೆ ಹಿಂಬದಿ. ಹೊಲಿಯುವ ಹೆಂಗಸರು ಮೊದಲು ತಿರುಗಿಸಿ ನೋಡುವುದೇ ಹಿಂಬದಿಯನ್ನು.

ಕಾಣದ್ದನ್ನು ಬರೆಯಿರಿ

'ಸುಂದರವಾದ ಕೈಹೊಲಿಗೆಯ ಕೌದಿ' ಅಂತ ಬರೆದರೆ ಏನೂ ಬರೆದ ಹಾಗಾಗಲಿಲ್ಲ. ಸುಂದರ ಹೌದೋ ಅಲ್ವೋ ಫೋಟೊ ಹೇಳುತ್ತದೆ. ಫೋಟೊ ಹೇಳಲಾಗದ್ದು ನಿಮ್ಮ ಪಾಲಿನ ಕೆಲಸ. ಉದ್ದ ಅಗಲ ಎಷ್ಟು, ಎಷ್ಟು ಪದರ, ಯಾವ ದಾರ, ಎಷ್ಟು ದಿನ ಹಿಡಿಯಿತು, ಒಗೆಯುವುದು ಹೇಗೆ. ಅಳತೆಯನ್ನು ಟೇಪ್ ಹಿಡಿದೇ ಬರೆಯಿರಿ, ಅಂದಾಜು ಬೇಡ.

ಎಲ್ಲಕ್ಕಿಂತ ಮುಖ್ಯ ಒಳಪದರ. ಹೊಲಿದು ಮುಗಿದ ಮೇಲೆ ಅದನ್ನು ಇನ್ಯಾರೂ ನೋಡುವುದಿಲ್ಲ. ಈ ವರ್ಷ ಹೊಲಿದ ಕೌದಿಯಲ್ಲಿ ನಮ್ಮ ಮಾವನವರ ಎರಡು ಪಂಚೆಗಳಿವೆ. ದಾವಣಗೆರೆಯಲ್ಲಿ ಹತ್ತಿ ಗಿರಣಿಗಳು ಓಡುತ್ತಿದ್ದ ಕಾಲದಲ್ಲಿ ಅವರು ಪಾಳಿ ಕೆಲಸಕ್ಕೆ ಹೋಗುತ್ತಿದ್ದರು. ನಾನು ಬರೆಯದಿದ್ದರೆ ಆ ಪಂಚೆ ಅಲ್ಲಿದೆ ಅಂತ ಯಾರಿಗೆ ಗೊತ್ತಾಗುತ್ತದೆ?

ಬರೆದದ್ದನ್ನು ಹೊಲಿಗೆ ಬಾರದವರಿಗೆ ಓದಿ ಹೇಳಿ. ಪಕ್ಕದ ಮನೆಯವರಿಗೆ ಓದಿದೆ. 'ಅಕ್ಕಾ, ಈ ಹಸಿರು ತುಂಡು ಯಾರದು?' ಅಂದರು. ಅದೊಂದನ್ನೇ ಬಿಟ್ಟಿದ್ದೆ. ಹೀಗಾಯಿತು ನನ್ನ ಬರಹ:

'6 ಅಡಿ ಉದ್ದ, 4 ಅಡಿ ಅಗಲ. ನಾಲ್ಕು ಪದರ. ಮೇಲೆ ಅತ್ತೆಯ ಮೂರು ಇಳಕಲ್ ಸೀರೆ, ಒಳಗೆ ಮಾವನ ಎರಡು ಪಂಚೆ. ಮೂಲೆಯ ಹಸಿರು, ಮಗಳ ಮೊದಲ ಲಂಗದ್ದು. ಬಿಳಿ ಹತ್ತಿ ದಾರ. ಯುಗಾದಿಗೆ ಶುರು ಮಾಡಿ ನಾಗರಪಂಚಮಿಗೆ ಮುಗಿಸಿದ್ದು. ತಣ್ಣೀರಲ್ಲಿ ಒಗೆದು ನೆರಳಲ್ಲಿ ಒಣಗಿಸಿ.'

ಫೋಟೊಗಳನ್ನು ವಾಟ್ಸ್ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಅದು ಫೋಟೊವನ್ನು ಕುಗ್ಗಿಸಿ ಹೊಲಿಗೆಯನ್ನೆಲ್ಲ ಅಳಿಸುತ್ತದೆ. ಹಾಗೆ ಕಳಿಸಿದಾಗ ತೆಗೆದ ಜಾಗದ ವಿವರವೂ ಜೊತೆಗೆ ಹೋಗಬಹುದು. ಮನೆಯಲ್ಲೇ ತೆಗೆಯುವವರು ಕ್ಯಾಮೆರಾ ಸೆಟ್ಟಿಂಗಿನಲ್ಲಿ ಲೊಕೇಶನ್ ಆಫ್ ಮಾಡಿಕೊಳ್ಳಿ.

ಫೋನು ಕೆಟ್ಟರೆ? ಅದಕ್ಕೆ ಒಂದು ಬಿಳಿ ಪಟ್ಟಿ ಮೇಲೆ ಹೆಸರು, ಊರು, ವರ್ಷ ದಾರದಲ್ಲೇ ಬರೆದು ಹಿಂಬದಿಯ ಮೂಲೆಗೆ ಹೊಲಿದುಬಿಡಿ. ಬಾಣಂತನಕ್ಕೆ ಕೊಟ್ಟ ಆ ಕೌದಿಗೂ ಒಂದು ಪಟ್ಟಿ ಹೊಲಿದಿಟ್ಟಿದ್ದೇನೆ. ದೀಪಾವಳಿಗೆ ತಂಗಿಯ ಮಗಳು ಬಂದಾಗ ಅದನ್ನು ಜೊತೆಗೆ ತರಲು ಹೇಳಿದ್ದೇನೆ.