ಲಿಂಕನ್ ಅವರ ವಕೀಲಿಕೆಯನ್ನು ಕೋರ್ಟ್ ಕಾಗದಗಳಿಂದ ಬರೆದ ಬಗೆ

ನಾನು ತಾಲ್ಲೂಕು ಕೋರ್ಟಿನಲ್ಲಿ ವಕೀಲ. ಅಬ್ರಹಾಂ ಲಿಂಕನ್ ಅಧ್ಯಕ್ಷರಾಗುವ ಮೊದಲು ಇಪ್ಪತ್ತು ವರ್ಷಕ್ಕೂ ಜಾಸ್ತಿ ಇಲಿನಾಯ್ ರಾಜ್ಯದಲ್ಲಿ ವಕೀಲರಾಗಿದ್ದರು. ಆ ಬದುಕನ್ನು ನಮ್ಮ ಕಿರಿಯ ವಕೀಲರಿಗಾಗಿ ಕನ್ನಡದಲ್ಲಿ ಬರೆಯಬೇಕು ಅನ್ನಿಸಿತು. ಮರದ ಗುಡಿಸಲಿನ ಕಥೆ ಎಲ್ಲರಿಗೂ ಗೊತ್ತು ಅಲ್ವಾ? ಅದನ್ನು ಬಿಟ್ಟು ನೇರವಾಗಿ ಕೇಸುಗಳಿಗೇ ಹೋದೆ.

ಅವರು ಮತ್ತು ಅವರ ಪಾಲುದಾರರು ನಡೆಸಿದ 5,000ಕ್ಕೂ ಹೆಚ್ಚು ಪ್ರಕರಣಗಳ ಕಾಗದಪತ್ರ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಓದುವ ಮೊದಲು ವರ್ಷವಾರು ಪಟ್ಟಿ ಹಾಕಿಕೊಂಡೆ. ಒಂದು ಕಡೆ ಕೋರ್ಟು, ಇನ್ನೊಂದು ಕಡೆ ಶಾಸನಸಭೆ. 1834ರಿಂದ 1842ರವರೆಗೆ ಅವರು ಶಾಸಕರೂ ಹೌದು. ಹೀಗೆ ಜೋಡಿಸಿದರೆ 1837 ಎಷ್ಟು ತುಂಬಿದ ವರ್ಷ ಎಂದು ಕಾಣುತ್ತದೆ. ಮಾರ್ಚ್‌ನಲ್ಲಿ ಸಹಶಾಸಕ ಡ್ಯಾನ್ ಸ್ಟೋನ್ ಜೊತೆ ಸೇರಿ, ಗುಲಾಮಗಿರಿ ಅನ್ಯಾಯ ಎಂದು ಸದನದಲ್ಲಿ ಲಿಖಿತ ಪ್ರತಿಭಟನೆ ದಾಖಲಿಸಿದರು. ರಾಜ್ಯದ ರಾಜಧಾನಿಯನ್ನು ವ್ಯಾಂಡೇಲಿಯಾದಿಂದ ಸ್ಪ್ರಿಂಗ್‌ಫೀಲ್ಡ್‌ಗೆ ತರಲು ದುಡಿದರು. ಏಪ್ರಿಲ್‌ನಲ್ಲಿ ತಾವೂ ಅಲ್ಲಿಗೆ ಹೋಗಿ ಜಾನ್ ಸ್ಟುವರ್ಟ್ ಜೊತೆ ವಕೀಲಿಕೆ ಶುರು ಮಾಡಿದರು.

ಕೇಸುಗಳಲ್ಲಿ ಜಾಸ್ತಿ ಸಾಲ ವಸೂಲಿಯವೇ. ಬೇಸರವಾದರೂ ಅವನ್ನು ಹಾರಿಸಬಾರದು. ಆಗಷ್ಟೇ ಜನ ಬಂದು ನೆಲೆಸುತ್ತಿದ್ದ ನಾಡು ಅದು. ಕೈಯಲ್ಲಿ ನಗದು ಕಡಿಮೆ, ವ್ಯವಹಾರವೆಲ್ಲ ಪ್ರಾಮಿಸರಿ ನೋಟಿನ, ಅಂದರೆ ಹಣ ಕೊಡುತ್ತೇನೆಂದು ಬರೆದುಕೊಡುವ ಪತ್ರದ ಮೇಲೆ. ವರ್ಷಕ್ಕೆ ಎರಡು ಸಲ ನ್ಯಾಯಾಧೀಶರೂ ವಕೀಲರೂ ಒಟ್ಟಿಗೆ ಕೌಂಟಿಯಿಂದ ಕೌಂಟಿಗೆ (ನಮ್ಮ ಜಿಲ್ಲೆಯಂಥದ್ದು) ಹೋಗುತ್ತಿದ್ದರು. ಹಗಲು ಎದುರುಬದುರು ವಾದ, ರಾತ್ರಿ ಒಂದೇ ಕಡೆ ಊಟ, ನಿದ್ದೆ. ನನಗೆ ಬಹಳ ಇಷ್ಟವಾದ ಭಾಗ ಇದು.

ಆದರೆ ಹೆಚ್ಚು ಹೊತ್ತು ಕೂತಿದ್ದು ಎರಡು ಕೇಸುಗಳ ಮುಂದೆ. 1841ರ ಬೇಯ್ಲಿ ವಿರುದ್ಧ ಕ್ರಾಮ್‌ವೆಲ್ ಕೇಸು ಕೂಡ ಒಂದು ಪ್ರಾಮಿಸರಿ ನೋಟಿನದೇ. ನ್ಯಾನ್ಸ್ ಎಂಬ ಕಪ್ಪು ಯುವತಿಯನ್ನು ಕೊಳ್ಳಲು ಬರೆದುಕೊಟ್ಟ ನೋಟು ಅದು. ಇಲಿನಾಯ್‌ನಲ್ಲಿ ಬಣ್ಣ ಯಾವುದೇ ಇರಲಿ, ಎಲ್ಲರೂ ಸ್ವತಂತ್ರರೆಂದೇ ಕಾನೂನು ಭಾವಿಸುತ್ತದೆ, ಹಾಗಾಗಿ ಈ ಸಾಲ ನಿಲ್ಲುವುದಿಲ್ಲ ಎಂದು ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತು. ಗೆದ್ದ ಕಡೆಯ ವಕೀಲರು ಲಿಂಕನ್.

1847ರಲ್ಲಿ ಕೋಲ್ಸ್ ಕೌಂಟಿಯಲ್ಲಿ ಅವರೇ ಗುಲಾಮರ ಮಾಲೀಕನ ಪರ ನಿಂತರು. ಕೆಂಟಕಿಯ ರಾಬರ್ಟ್ ಮ್ಯಾಟ್ಸನ್, ಜೇನ್ ಬ್ರಯಂಟ್ ಮತ್ತು ಅವಳ ನಾಲ್ಕು ಮಕ್ಕಳನ್ನು ವಾಪಸ್ ಕೇಳಿದ್ದ. ಬಂದ ಕಕ್ಷಿದಾರನನ್ನು ವಕೀಲ ಬಿಡಬಾರದು ಎಂದು ಇದಕ್ಕೆ ಸಮಾಧಾನ ಹೇಳುವವರಿದ್ದಾರೆ. ನಾನೂ ವಕೀಲನೇ, ಆದರೂ ಅದು ನನಗೆ ಸಾಲದು. ಒಂದು ತಾಯಿಯನ್ನೂ ಮಕ್ಕಳನ್ನೂ ಗುಲಾಮಗಿರಿಗೆ ಮರಳಿಸುವ ವಾದ ಅದು. ಹಾಗಾಗಿ ಈ ಕೇಸನ್ನು ಮೂಲೆಗೆ ತಳ್ಳಲಿಲ್ಲ. ಬೇಯ್ಲಿ ಕೇಸಿಗೆ ಕೊಟ್ಟಷ್ಟೇ ಪುಟ ಇದಕ್ಕೂ ಕೊಟ್ಟೆ. ಶೀರ್ಷಿಕೆಯಲ್ಲಿ ಜೇನ್ ಹೆಸರು ಹಾಕಿದೆ.

ಮ್ಯಾಟ್ಸನ್ ಸೋತ. ಆ ಅಕ್ಟೋಬರ್‌ನಲ್ಲಿ ಜೇನ್ ಮತ್ತು ಮಕ್ಕಳು ಬಿಡುಗಡೆಯಾದರು. ಡಿಸೆಂಬರ್‌ನಲ್ಲಿ ಲಿಂಕನ್ ವಾಷಿಂಗ್ಟನ್‌ಗೆ ಹೋಗಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ನ ಸದಸ್ಯರಾದರು. ನನ್ನ ಮುಂದಿನ ಅಧ್ಯಾಯ ಅಲ್ಲಿಂದ ಶುರುವಾಗುತ್ತದೆ.