ಖಿನ್ನತೆಗೆ ಬಂದವರಲ್ಲಿ ಮೊದಲು ಕೇಳುವ ನಿದ್ದೆಯ ಲೆಕ್ಕ

ಖಿನ್ನತೆಯೆಂದು ನನ್ನ ಬಳಿ ಆಪ್ತಸಮಾಲೋಚನೆಗೆ ಬರುವವರ ಕೈಗೆ ಮೊದಲ ದಿನವೇ ಒಂದು ಹಾಳೆ ಕೊಡುತ್ತೇನೆ. ಮಲಗಿದ್ದು ಎಷ್ಟು ಗಂಟೆಗೆ, ನಿದ್ದೆ ಹತ್ತಿದ್ದು ಸುಮಾರು ಎಷ್ಟಕ್ಕೆ, ನಡುವೆ ಎಷ್ಟು ಸಲ ಎಚ್ಚರವಾಯಿತು, ಕೊನೆಗೆ ಎದ್ದಿದ್ದು ಯಾವಾಗ, ಹಗಲು ಎಲ್ಲಾದರೂ ಜೊಂಪು ಹತ್ತಿತೇ ಎಂದು ಅದರಲ್ಲಿ ಬರೆಯಬೇಕು. ಬಲತುದಿಯಲ್ಲಿ ಬೆಳಗಿನ ಮನಸ್ಸಿಗೆ ಹತ್ತರಲ್ಲಿ ಎಷ್ಟು ಅಂಕ, ಸಂಜೆಯ ಮನಸ್ಸಿಗೆ ಎಷ್ಟು ಎಂದು ತುಂಬಬೇಕು. ಬಹಳ ಮಂದಿಗೆ ಇದು ಹಿಡಿಸುವುದಿಲ್ಲ. ‘ನನ್ನ ಬದುಕೇ ಕುಸಿದು ಕೂತಿದೆ, ನೀವು ನಿದ್ದೆಯ ಲೆಕ್ಕ ಕೇಳುತ್ತೀರಲ್ಲ’ ಎಂದು ಒಬ್ಬರು ಮುಖಕ್ಕೇ ಹೇಳಿದ್ದರು.

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತೇವೆ. ಮನಸ್ಸು ಕೆಟ್ಟರೆ ನಿದ್ದೆ ಕೆಡುತ್ತದೆ ಎಂಬುದು ಎಲ್ಲರಿಗೂ ಗೊತ್ತು. ನಮಗೆ ಪಾಠ ಮಾಡಿದವರೂ ನಿದ್ರಾಹೀನತೆಯನ್ನು ಖಿನ್ನತೆಯ ಲಕ್ಷಣಗಳ ಪಟ್ಟಿಯಲ್ಲಿ ಸೇರಿಸಿ ಮುಂದೆ ಹೋಗಿದ್ದರು. ಆದರೆ ದಾರಿ ಆ ಕಡೆಯಿಂದಲೂ ಇದೆ. ಜನರನ್ನು ದೀರ್ಘಕಾಲ ಗಮನಿಸಿದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಖಿನ್ನತೆಯಿಲ್ಲದಿದ್ದರೂ ನಿದ್ರಾಹೀನತೆ ಇರುವವರಿಗೆ ಮುಂದೆ ಖಿನ್ನತೆ ಬರುವ ಸಂಭವ ಸರಿಯಾಗಿ ನಿದ್ದೆ ಮಾಡುವವರ ಎರಡು ಪಟ್ಟು. ಖಿನ್ನತೆ ಇಳಿದ ಮೇಲೂ ನಿದ್ದೆ ಮಾತ್ರ ಸುಧಾರಿಸದೆ ಉಳಿಯುವುದನ್ನು ನಾನೂ ಬೇಕಾದಷ್ಟು ಕಂಡಿದ್ದೇನೆ.

ಮಿದುಳಿನಲ್ಲಿ ಆಗುವುದನ್ನು ವಿವರಿಸಲು ಹಾಳೆಯ ಹಿಂಬದಿಯಲ್ಲಿ ಎರಡು ವೃತ್ತ ಬರೆಯುತ್ತೇನೆ. ಒಂದು ಅಮಿಗ್ಡಲಾ, ಅಪಾಯದ ಸುಳಿವು ಸಿಕ್ಕಿದೊಡನೆ ಕೆರಳುವ ಭಾಗ. ಇನ್ನೊಂದು ಹಣೆಯ ಹಿಂದಿನ ಪ್ರಿಫ್ರಂಟಲ್ ಕಾರ್ಟೆಕ್ಸ್, ಆ ಕೆರಳಿಕೆಯನ್ನು ಹದ್ದುಬಸ್ತಿನಲ್ಲಿಡುವ ಭಾಗ. ನಿದ್ದೆಯ ಸಂಶೋಧಕ ಮ್ಯಾಥ್ಯೂ ವಾಕರ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಆರೋಗ್ಯವಂತ ಯುವಕ ಯುವತಿಯರನ್ನು ಸುಮಾರು 35 ಗಂಟೆ ಎಚ್ಚರವಾಗಿರಿಸಿ, ಮನ ಕಲಕುವ ಚಿತ್ರಗಳನ್ನು ತೋರಿಸಿ ಸ್ಕ್ಯಾನ್ ಮಾಡಿದರು. ನಿದ್ದೆ ಮಾಡಿದ್ದವರಿಗಿಂತ ಅವರ ಅಮಿಗ್ಡಲಾ ಸುಮಾರು 60 ಪ್ರತಿಶತ ಹೆಚ್ಚು ಕೆರಳಿತ್ತು. ಪ್ರಿಫ್ರಂಟಲ್ ಭಾಗದೊಂದಿಗಿನ ಅದರ ಸಂಪರ್ಕ ಸಡಿಲವಾಗಿತ್ತು. ನಾನು ವೃತ್ತಗಳ ನಡುವಿನ ಗೆರೆಯನ್ನು ರಬ್ಬರಿನಿಂದ ಅರ್ಧ ಅಳಿಸಿ ತೋರಿಸುತ್ತೇನೆ. ಇದಕ್ಕಿಂತ ಹೆಚ್ಚಿನ ವಿವರ ಯಾರಿಗೂ ಬೇಕಾಗಿಲ್ಲ.

ಕನಸಿನ ನಿದ್ದೆ ರಾತ್ರೋರಾತ್ರಿ ಮನಸ್ಸನ್ನು ತೊಳೆದು ಶುಭ್ರ ಮಾಡುತ್ತದೆ ಎಂಬ ಜನಪ್ರಿಯ ಲೇಖನಗಳ ಮಾತನ್ನು ಮಾತ್ರ ನಾನು ಹೇಳುವುದಿಲ್ಲ. ಆ ಹೊತ್ತಿನಲ್ಲಿ ಮಿದುಳಿನ ನಾರ್‌ಅಡ್ರಿನಲಿನ್, ಅಂದರೆ ಒತ್ತಡದಲ್ಲಿ ಏರುವ ರಾಸಾಯನಿಕ, ತೀರಾ ಇಳಿಯುತ್ತದೆ, ಆದ್ದರಿಂದ ನೋವಿನ ನೆನಪು ಮೊನಚು ಕಳೆದುಕೊಳ್ಳುತ್ತದೆ ಎಂಬ ವಾದ ಸೊಗಸಾಗಿಯೇ ಇದೆ. ಆದರೆ ಖಿನ್ನತೆ ಇರುವ ಅನೇಕರಲ್ಲಿ ಕನಸಿನ ನಿದ್ದೆ ಬೇಗ ಶುರುವಾಗುತ್ತದೆ, ಹೆಚ್ಚೂ ಇರುತ್ತದೆ. ಖಿನ್ನತೆಯ ಬಹುತೇಕ ಔಷಧಗಳು ಅದನ್ನೇ ತಗ್ಗಿಸುತ್ತವೆ. ಅಷ್ಟು ಸಲೀಸಾದ ಕತೆ ಇದಲ್ಲ.

ಇನ್ನೂ ಒಂದು ತೊಡಕಿದೆ. ಇಡೀ ರಾತ್ರಿ ಎಚ್ಚರವಿದ್ದರೆ ಖಿನ್ನತೆ ಇರುವವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮರುದಿನ ಮನಸ್ಸು ಹಗುರಾಗುತ್ತದೆ. ಇದನ್ನು ಓದಿಕೊಂಡು ಬಂದು ‘ಹಾಗಾದರೆ ನಿದ್ದೆಗೆಡಲೇ?’ ಎಂದು ಕೇಳುವವರಿದ್ದಾರೆ. ಮುಂದಿನ ನಿದ್ದೆಯಾದೊಡನೆ ಹೆಚ್ಚಿನವರಿಗೆ ಆ ಸುಖ ಕರಗಿಹೋಗುತ್ತದೆ. ಖಿನ್ನತೆಯೂ ಅತಿ ಉತ್ಸಾಹದ ಉನ್ಮಾದವೂ ಬಂದುಹೋಗುವ ಬೈಪೋಲಾರ್ ಕಾಯಿಲೆ ಇದ್ದರೆ ಉನ್ಮಾದಕ್ಕೆ ತಿರುಗಲೂಬಹುದು. ಅದು ವೈದ್ಯರ ಕಣ್ಣೆದುರು ನಡೆಯಬೇಕಾದ ಚಿಕಿತ್ಸೆ.

ನಾನು ಮಾಡುವುದು ಬೇರೆ. ‘ಲೆಕ್ಕ ಕೇಳುತ್ತೀರಲ್ಲ’ ಎಂದಿದ್ದವರ ಹಾಳೆಯನ್ನೇ ತೆಗೆದುಕೊಳ್ಳೋಣ. ರಾತ್ರಿ ಒಂಬತ್ತೂವರೆಗೆ ಮಲಗಿ ಬೆಳಿಗ್ಗೆ ಏಳಕ್ಕೆ ಏಳುತ್ತಿದ್ದರು. ಹಾಸಿಗೆಯಲ್ಲಿ ಒಂಬತ್ತೂವರೆ ಗಂಟೆ, ನಿದ್ದೆ ಐದೂವರೆ ಗಂಟೆ. ಉಳಿದ ನಾಲ್ಕು ಗಂಟೆ ಬರೀ ಹೊರಳಾಟ. ಖಿನ್ನತೆ ಬೆಳೆಯಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಹಾಸಿಗೆಯ ಅವಧಿಯನ್ನೇ ಐದೂವರೆ ಗಂಟೆಗೆ ಇಳಿಸಿದೆ: ಹನ್ನೆರಡೂವರೆಗೆ ಮಲಗುವುದು, ಆರಕ್ಕೆ ಏಳುವುದು, ಭಾನುವಾರವೂ ಅಷ್ಟೇ. ಮನಶ್ಶಾಸ್ತ್ರಜ್ಞ ಆರ್ಥರ್ ಸ್ಪೀಲ್‌ಮನ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ವಿಧಾನ ಇದು. ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಕೂಡುತ್ತಾ ನಿದ್ದೆಯ ಒತ್ತಡ ಏರುತ್ತದೆ. ಆ ಒತ್ತಡ ಹಗಲಿನ ಜೊಂಪಿನಲ್ಲಿ ಸೋರಿಹೋಗದೆ ರಾತ್ರಿಗೆ ಉಳಿಯಬೇಕು. ಹಾಸಿಗೆಯಲ್ಲಿ ಕಳೆದ ಹೊತ್ತಿನ 85 ಪ್ರತಿಶತ ನಿದ್ದೆಯಾಗತೊಡಗಿದರೆ ವಾರಕ್ಕೆ 15 ನಿಮಿಷದಂತೆ ಅವಧಿ ಹೆಚ್ಚಿಸುತ್ತೇನೆ. ಐದು ಗಂಟೆಗಿಂತ ಕೆಳಗೆ ಯಾರನ್ನೂ ಇಳಿಸುವುದಿಲ್ಲ.

ಮೊದಲ ವಾರ ಬಲು ಕಷ್ಟ. ಸಿಡುಕು ಹೆಚ್ಚುತ್ತದೆ, ಮನಸ್ಸಿನ ಅಂಕ ಇನ್ನೂ ಕೆಳಗಿಳಿಯಬಹುದು. ಇದನ್ನು ಮುಂಚೆಯೇ ಹೇಳಿರಬೇಕು, ಇಲ್ಲದಿದ್ದರೆ ಅರ್ಧಕ್ಕೇ ಬಿಟ್ಟುಬಿಡುತ್ತಾರೆ. ಆ ಹಾಳೆಯವರಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಹತ್ತರಿಂದ ಹನ್ನೆರಡೂವರೆಯವರೆಗೆ ಎಚ್ಚರವಿರುವುದು. ಕೂತರೆ ತೂಕಡಿಕೆ. ಒಗೆದ ಬಟ್ಟೆಗಳನ್ನೆಲ್ಲ ನಿಂತುಕೊಂಡೇ ಮಡಚುತ್ತಿದ್ದರು.

ನಡುರಾತ್ರಿ ಎಚ್ಚರವಾದಾಗ ತಲೆಗೆ ಬಂದ ಮಾತನ್ನು ಚೀಟಿಯಲ್ಲಿ ಬರೆದಿಟ್ಟು ಬೆಳಿಗ್ಗೆ ಹನ್ನೊಂದಕ್ಕೆ ಓದಬೇಕು ಎಂಬುದು ನಾನೇ ಸೇರಿಸಿಕೊಂಡ ನಿಯಮ. ಸಾಯುವ ಯೋಚನೆ ಬಂದರೆ ಈ ನಿಯಮ ಸಲ್ಲದು, ಆ ಕ್ಷಣವೇ ಒಬ್ಬರನ್ನು ಎಬ್ಬಿಸಬೇಕು. ಅವರು ತಂದ ಒಂದು ಚೀಟಿಯಲ್ಲಿ ‘ನಾನು ಯಾರಿಗೂ ಬೇಡ’ ಎಂದಿತ್ತು. ಅದರ ಕೆಳಗೆ ಬೇರೆ ಶಾಯಿಯಲ್ಲಿ, ಹಗಲಿನ ನೆಟ್ಟಗಿನ ಅಕ್ಷರದಲ್ಲಿ, ‘ಅಣ್ಣ ಫೋನ್ ಮಾಡಿಲ್ಲ’ ಎಂದಿತ್ತು. ಮೊದಲನೆಯದರ ಜೊತೆ ಯಾವ ಸಮಾಲೋಚಕನೂ ಗುದ್ದಾಡಿ ಗೆಲ್ಲಲಾರ. ಎರಡನೆಯದರ ಬಗ್ಗೆ ಆ ದಿನ ಪೂರ್ತಿ ಮಾತನಾಡಿದೆವು.

ಬೈಪೋಲಾರ್ ಅಥವಾ ಅಪಸ್ಮಾರ ಇರುವವರಿಗೆ, ರಾತ್ರಿಯಿಡೀ ವಾಹನ ಓಡಿಸುವವರಿಗೆ ನಾನು ಹಾಸಿಗೆಯ ಅವಧಿ ಕಡಿತ ಮಾಡುವುದಿಲ್ಲ. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ಕಟ್ಟುವವರನ್ನು ಮೊದಲು ವೈದ್ಯರ ಬಳಿ ಕಳಿಸುತ್ತೇನೆ, ಅವರ ನಿದ್ದೆಯ ತೊಂದರೆಯ ಮೂಲವೇ ಬೇರೆ. ಮನೋವೈದ್ಯರು ಬರೆದುಕೊಟ್ಟ ಮಾತ್ರೆಗಳಿಗೆ ಕೈ ಹಾಕುವುದಿಲ್ಲ. ನಿದ್ದೆ ಕುದುರಿದ ಮೇಲೆ ಮಾತ್ರೆ ನಿಲ್ಲಿಸಬಹುದೇ ಎಂದು ಎಲ್ಲರೂ ಕೇಳುತ್ತಾರೆ. ಹಾಳೆಯನ್ನು ತೆಗೆದುಕೊಂಡು ಹೋಗಿ ಮನೋವೈದ್ಯರನ್ನೇ ಕೇಳಿ ಎನ್ನುತ್ತೇನೆ.